ಗರಡಿಯ ಮುದ್ಗರ ಕಡಲು ದಾಟಿತು, ಉಸ್ತಾದರು ದಾಟುವುದೆಂದು?

ವಿದೇಶಗಳಲ್ಲಿ ದೇಶಿ ಸಮರಕಲೆಗಳ ತರಬೇತಿ ಶಿಬಿರಗಳು ನಡೆಯುತ್ತಿವೆ. ಕಿಷ್ಕಿಂಧೆಯ ನಾಡೆನಿಸಿದ ಕೊಪ್ಪಳ ಸೀಮೆಯ ಮಲ್ಲವಿದ್ಯೆ ಅಲ್ಲಿಗೆ ತಲುಪಲು ಏನೇನು ಬೇಕು?

ಕೊಪ್ಪಳ: ಉತ್ತರ ಕರ್ನಾಟಕದ ಯಾವ ಗರಡಿಮನೆಯ ಹೊಸ್ತಿಲು ದಾಟಿದರೂ ಮೊದಲು ಕಣ್ಣಿಗೆ ಬೀಳುವುದು ಹನುಮಂತನ ಮೂರ್ತಿ ಇಲ್ಲವೇ ಪಟ. ಪೈಲ್ವಾನರು ಅದಕ್ಕೆ ಕೈಮುಗಿದು, ಕೆಮ್ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು ಸಾಮಿಗೆ ಇಳಿಯುತ್ತಾರೆ. ಆ ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬಿರುವ ಅಂಜನಾದ್ರಿ ಬೆಟ್ಟ ಇರುವುದು ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿಯ ಸಮೀಪ. ವಾಲಿ-ಸುಗ್ರೀವರು ಸೆಣಸಾಡಿದ ಕಿಷ್ಕಿಂಧೆಯೂ ಇದೇ ಎಂಬುದು ಇಲ್ಲಿಯ ಜನರ ನಂಬಿಕೆ. ಮಲ್ಲಯುದ್ಧದ ನಾಲ್ಕು ಪ್ರಕಾರಗಳನ್ನು ಸಂಪ್ರದಾಯವು ಹನುಮಂತಿ, ಜಾಂಬವಂತಿ, ಭೀಮಸೇನಿ, ಜರಾಸಂಧಿ ಎಂದು ಹೆಸರಿಸಿದೆ. ಅವುಗಳಲ್ಲಿ ಮೊದಲ ಎರಡು ಈ ಕಿಷ್ಕಿಂಧೆಯ ಕಥಾವಲಯಕ್ಕೇ ಸೇರಿದವು.

ಇಂದಿಗೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜಾತ್ರೆ, ಉರುಸುಗಳ ಹೊತ್ತಿಗೆ ಕುಸ್ತಿಯ ಕಣ ಸಿದ್ಧವಾಗುತ್ತದೆ. ತೆಂಗಿನಕಾಯಿಯ ಬಹುಮಾನಕ್ಕೆ ಹುಡುಗರ ಜೋಡಿಗಳು ಮೊದಲು ಇಳಿದರೆ, ಬೆಳ್ಳಿಯ ಕಡಗಕ್ಕಾಗಿ ಹೆಸರಾಂತ ಪೈಲ್ವಾನರ ಜೋಡಿ ಕೊನೆಯಲ್ಲಿ ಇಳಿಯುತ್ತದೆ. ನಾಗರಪಂಚಮಿಯಲ್ಲಿ ಗುಂಡುಕಲ್ಲು ಎತ್ತುವ ಪಂದ್ಯಗಳು ನಡೆಯುತ್ತವೆ. ಆದರೆ ಈ ವಿದ್ಯೆ ಕಲಿಸುವ ಉಸ್ತಾದರ ಕೀರ್ತಿ ಬಹುತೇಕ ಸುತ್ತಲಿನ ಹತ್ತಾರು ಹಳ್ಳಿಗಳ ಗಡಿಯಲ್ಲೇ ನಿಲ್ಲುತ್ತದೆ. ನೆರೆಯ ಕೇರಳದ ಕಳರಿಪಯಟ್ಟಿನ ಗುರುಗಳು, ಮಹಾರಾಷ್ಟ್ರದ ಮಲ್ಲಗಂಬದ ತರಬೇತುದಾರರು ಯೂರೋಪು, ಅಮೆರಿಕಗಳಲ್ಲಿ ಶಿಬಿರ ನಡೆಸಿ ಬರುತ್ತಿರುವಾಗ ಕನ್ನಡನಾಡಿನ ಗರಡಿ ಏಕೆ ಹಿಂದುಳಿಯಿತು? ಈ ಪ್ರಶ್ನೆಗೆ ಉತ್ತರ ಕೇವಲ ಹಣದ ಅಭಾವದಲ್ಲಿ ಸಿಗುವುದಿಲ್ಲ. ಅದಕ್ಕೆ ಇತಿಹಾಸವನ್ನೂ, ಕಲಿಕೆಯ ಕ್ರಮವನ್ನೂ, ವೀಸಾ ಕಚೇರಿಯ ಕಡತವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಹೊರಗಿನವರು ಕಂಡ ಮಲ್ಲರು

ಈ ಪ್ರದೇಶದ ಮಲ್ಲವಿದ್ಯೆಗೆ ಲಿಖಿತ ಆಧಾರಗಳ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರ ವರ್ಗೀಕರಣ, ಅವರ ಆಹಾರ, ನಿತ್ಯದ ಸಾಧನೆ, ಪಟ್ಟುಗಳ ವಿವರ ಅದರಲ್ಲಿ ಬರುತ್ತವೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ ಇದೇ ರಾಜವಂಶದ ಕಾಲದ್ದು. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಅದನ್ನು ಕಟ್ಟಿಸಿದ. ಎಂದರೆ, ಮಲ್ಲವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟ ರಾಜ್ಯದ ಹೃದಯಭಾಗವೇ ಈ ಸೀಮೆಯಾಗಿತ್ತು.

ನಾಲ್ಕು ಶತಮಾನಗಳ ತರುವಾಯ ವಿಜಯನಗರಕ್ಕೆ ಬಂದ ಪೋರ್ಚುಗೀಸರು ಇನ್ನಷ್ಟು ಸ್ಪಷ್ಟ ಚಿತ್ರ ಕೊಟ್ಟಿದ್ದಾರೆ. 1520ರ ಸುಮಾರಿನಲ್ಲಿ ಬಂದಿದ್ದ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ವಿವರಿಸುತ್ತಾನೆ. ರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ತೋಳಿನಿಂದ ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುವಿ, ಬಳಿಕ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿಯಾಡುತ್ತಿದ್ದ. ಮಹಾನವಮಿಯ ಕಣದಲ್ಲಿ ಹಲ್ಲು ಮುರಿಯುವಂತಹ ಹೊಡೆತಗಳು ಬೀಳುತ್ತಿದ್ದುದನ್ನೂ, ಜೋಡಿಗಳನ್ನು ಸಮನಾಗಿ ನಿಲ್ಲಿಸಿ ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಿರ್ಣಾಯಕರಿದ್ದುದನ್ನೂ ಅವನು ಗುರುತಿಸಿದ್ದಾನೆ. 1530ರ ದಶಕದಲ್ಲಿ ಬರೆದ ನೂನಿಜ್, ರಾಯರ ಬಳಿ ಸಾವಿರ ಮಂದಿ ಮಲ್ಲರಿದ್ದರೆಂದೂ, ಅವರು ಮೊನೆಗಳುಳ್ಳ ಬಳೆಯಂತಹ ಸಾಧನವನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರೆಂದೂ ಹೇಳುತ್ತಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಕಂಡವರಿಗೆ ಆ ಸಾಧನ ಯಾವುದೆಂದು ಊಹಿಸುವುದು ಕಷ್ಟವಲ್ಲ.

ಇಲ್ಲಿ ಒಂದು ಸಂಗತಿ ಗಮನಾರ್ಹ. ಪಾಯೆಸ್ ಮತ್ತು ನೂನಿಜ್ ಈ ವಿದ್ಯೆಯನ್ನು ನೋಡಿದರು, ಬೆರಗಾದರು, ಬರೆದರು; ಕಲಿಯಲಿಲ್ಲ. ಮಲ್ಲಯುದ್ಧ ಹೊರಜಗತ್ತಿಗೆ ಮೊದಲು ತಲುಪಿದ್ದು ನೋಟವಾಗಿ. ಆ ನೋಟ ಪಾಠವಾಗಿ ಬದಲಾಗುವ ಕೆಲಸ ಇನ್ನೂ ಪೂರ್ತಿಯಾಗಿಲ್ಲ.

ಹೆಸರಿನಲ್ಲೇ ಉಳಿದ ಪಯಣ

ಗುರುಗಳು ಗಡಿ ದಾಟಿ ಕಲಿಸುವುದು ಈ ಕ್ಷೇತ್ರಕ್ಕೆ ಹೊಸದೇನೂ ಅಲ್ಲವೆಂಬುದಕ್ಕೆ ಗರಡಿಯ ಭಾಷೆಯೇ ಸಾಕ್ಷಿ. ಮಲ್ಲ, ಜಟ್ಟಿ, ಗರಡಿ, ಸಾಮು, ಪಟ್ಟು ಎಂಬ ಮಾತುಗಳ ಪಕ್ಕದಲ್ಲೇ ಕುಸ್ತಿ, ಪೈಲ್ವಾನ, ಉಸ್ತಾದ ಎಂಬ ಮಾತುಗಳಿವೆ. ಈ ಮೂರೂ ಪಾರಸಿ ಮೂಲದವು. ಜನರ ಬಾಯಲ್ಲಿ ಉಸ್ತಾದ 'ವಸ್ತಾದ'ನಾದ. ಬಹಮನಿ, ಆದಿಲಶಾಹಿ ಆಳ್ವಿಕೆಗಳ ಕಾಲದಲ್ಲಿ ಪಾರಸಿ ಪ್ರಭಾವ ದಖ್ಖನಿನ ಆಸ್ಥಾನಗಳನ್ನೆಲ್ಲ ವ್ಯಾಪಿಸಿತ್ತು. ಕೊಪ್ಪಳ ಸೀಮೆಯಂತೂ ಮುಂದೆ 1948ರವರೆಗೆ ಹೈದರಾಬಾದ್ ನಿಜಾಮರ ರಾಜ್ಯದಲ್ಲೇ ಇತ್ತು.

ಇರಾನಿನ ಸಾಂಪ್ರದಾಯಿಕ ವ್ಯಾಯಾಮಶಾಲೆಗೆ 'ಜೂರ್‌ಖಾನೆ' ಎಂದು ಹೆಸರು. ಅಲ್ಲಿಯೂ ತಗ್ಗಾದ ಕಣವಿದೆ, ಭಾರವಾದ ಮರದ ಮುದ್ಗರಗಳಿವೆ, ತಮಟೆ ಬಾರಿಸುತ್ತ ಪದ್ಯ ಹೇಳಿ ಸಾಧನೆಗೆ ಲಯ ಕೊಡುವ ಹಿರಿಯನಿದ್ದಾನೆ. ಅಲ್ಲಿಯ 'ಪಹ್ಲವಾನ್' ನಮ್ಮ ಪೈಲ್ವಾನನ ಸಮೀಪದ ಬಂಧು. ಇರಾನ್ ಈ ಪರಂಪರೆಯನ್ನು ದಾಖಲಿಸಿ, 2010ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತುರ್ಕಿಯ ಎಣ್ಣೆ ಕುಸ್ತಿಯ ಕಿರ್ಕ್‌ಪಿನಾರ್ ಉತ್ಸವಕ್ಕೂ ಅದೇ ವರ್ಷ ಈ ಮಾನ್ಯತೆ ದೊರೆಯಿತು. 2018ರಲ್ಲಿ ಕೊರಿಯಾದ ಎರಡೂ ರಾಷ್ಟ್ರಗಳು ತಮ್ಮ ಸಾಂಪ್ರದಾಯಿಕ ಕುಸ್ತಿಯನ್ನು ಜಂಟಿಯಾಗಿ ಪಟ್ಟಿಗೆ ಸೇರಿಸಿದವು.

ಸಾಧನ ಹೋಯಿತು, ಗುರು ಉಳಿದರು

ಗರಡಿಯಿಂದ ಹೊರದೇಶಕ್ಕೆ ಏನೂ ಹೋಗಲಿಲ್ಲವೆಂದಲ್ಲ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಇಲ್ಲಿಯ ಪೈಲ್ವಾನರು ತಿರುಗಿಸುತ್ತಿದ್ದ ಮರದ ಮುದ್ಗರಗಳನ್ನು ಕಂಡು ಮೆಚ್ಚಿದರು. 19ನೇ ಶತಮಾನದಲ್ಲಿ ಅದು ಇಂಗ್ಲೆಂಡಿನ ವ್ಯಾಯಾಮಶಾಲೆಗಳನ್ನು ಸೇರಿ, ಅಲ್ಲಿಂದ ಅಮೆರಿಕಕ್ಕೂ ಹೋಯಿತು. 1904ರ ಸೇಂಟ್ ಲೂಯಿ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಮುದ್ಗರ ತಿರುಗಿಸುವುದು ಪದಕದ ಸ್ಪರ್ಧೆಯೇ ಆಗಿತ್ತು. ಆದರೆ ಅದರೊಂದಿಗೆ ಉಸ್ತಾದರು ಹೋಗಲಿಲ್ಲ. ಹೆಸರಿನಲ್ಲಿ 'ಭಾರತೀಯ' ಎಂಬ ವಿಶೇಷಣವಷ್ಟೇ ಉಳಿಯಿತು. ಯಾವ ಗರಡಿಯ, ಯಾವ ಕ್ರಮದ ಸಾಧನೆ ಎಂಬುದು ಮರೆಯಾಯಿತು.

ಅದೇ ಶತಮಾನದಲ್ಲಿ ಗರಡಿಯ ಇನ್ನೊಂದು ಅಂಗವೂ ಸೊರಗಿತು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಹಲಗಲಿಯ ಬೇಡರು ಬಂಡೆದ್ದರು. ಮರುವರ್ಷ, 1858ರಲ್ಲಿ, ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಆ ದಂಗೆಗಳ ನಂತರ ಜನಸಾಮಾನ್ಯರು ಆಯುಧ ಹಿಡಿಯುವುದು ಅಪರಾಧವೆನಿಸತೊಡಗಿತು. ಕತ್ತಿವರಸೆ, ಕೋಲುವರಸೆ, ದಾಂಡಪಟ್ಟಗಳು ನಿತ್ಯದ ಅಭ್ಯಾಸದಿಂದ ಸರಿದು, ಮೆರವಣಿಗೆ ಮತ್ತು ಹಬ್ಬಗಳ ಪ್ರದರ್ಶನವಾಗಿ ಬದುಕಿದವು. ಗರಡಿಯಲ್ಲಿ ಮುಖ್ಯವಾಗಿ ಉಳಿದದ್ದು ಕುಸ್ತಿ ಮತ್ತು ಅಂಗಸಾಧನೆ.

ಮೈಸೂರು ತೋರಿದ ದಾರಿ

ಕನ್ನಡನಾಡಿನಿಂದ ದೇಹವಿದ್ಯೆಯೊಂದು ಗುರುಗಳ ಸಮೇತ ವಿದೇಶಕ್ಕೆ ಹೋದ ದೊಡ್ಡ ಉದಾಹರಣೆ ಇದೆ. ಅದು ಯೋಗ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ಪಿಟೀಲು ವಾದಕ ಯೆಹೂದಿ ಮೆನುಹಿನ್ 1954ರಲ್ಲಿ ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು 1975ರಲ್ಲಿ ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ನಲ್ಲಿ ಕಲಿಸಿದರು. ಮುಂದಿನ ಕಥೆ ಜಗತ್ತಿಗೆ ಗೊತ್ತಿರುವಂಥದ್ದೇ.

ಇದರಲ್ಲಿ ಗರಡಿಯ ಪಾಲೂ ಇರಬಹುದೆಂಬ ವಾದವಿದೆ. ಸಂಶೋಧಕ ನಾರ್ಮನ್ ಷೋಮನ್ ಮೈಸೂರು ಅರಮನೆಯ ಯೋಗ ಪರಂಪರೆಯನ್ನು ಕುರಿತು 1996ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, 1896ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ 'ವ್ಯಾಯಾಮದೀಪಿಕೆ'ಯತ್ತ ಗಮನ ಸೆಳೆದರು. ಆ ಕೈಪಿಡಿಯಲ್ಲಿರುವ ದಂಡ ಮತ್ತಿತರ ವ್ಯಾಯಾಮಗಳಿಗೂ ಮೈಸೂರಿನ ಯೋಗಶಾಲೆಯ ಆಸನಕ್ರಮಕ್ಕೂ ಸಂಬಂಧವಿದೆ ಎಂಬುದು ಅವರ ಅಭಿಪ್ರಾಯ. ಇದನ್ನು ಎಲ್ಲ ವಿದ್ವಾಂಸರೂ, ಯೋಗ ಸಂಪ್ರದಾಯದವರೂ ಒಪ್ಪಿಲ್ಲ. ಒಪ್ಪಿದರೂ ಬಿಟ್ಟರೂ ಒಂದು ಪಾಠ ಸ್ಪಷ್ಟ: ಯೋಗಕ್ಕೆ ಪುಸ್ತಕವಿತ್ತು, ಆಸನಗಳಿಗೆ ಕ್ರಮವಿತ್ತು, ಮೊದಲ ದಿನದ ವಿದ್ಯಾರ್ಥಿಗೆ ಏನು ಕಲಿಸಬೇಕೆಂಬ ನಿಶ್ಚಯವಿತ್ತು. ಅಯ್ಯಂಗಾರರ 'ಲೈಟ್ ಆನ್ ಯೋಗ' 1966ರಲ್ಲಿ ಹೊರಬಂದ ಮೇಲೆ ಗುರು ಕಾಲಿಡದ ಊರಿಗೂ ಪಾಠ ತಲುಪಿತು.

ಬೇರೆಯವರು ಹೋದ ಬಗೆ

ಜಪಾನಿನ ಜೂಡೋ ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಕಾನೊ ಜಿಗೊರೊ 1882ರಲ್ಲಿ ಹಳೆಯ ಜುಜುತ್ಸುವಿನ ಅಪಾಯಕರ ಪಟ್ಟುಗಳನ್ನು ಬೇರ್ಪಡಿಸಿ, ಕಲಿಕೆಗೆ ಮೆಟ್ಟಿಲುಗಳನ್ನು ಹಾಕಿದರು. ಮೊದಲು ಕಲಿಸುತ್ತಿದ್ದುದು ಸುರಕ್ಷಿತವಾಗಿ ಬೀಳುವುದನ್ನು. ಈ ವಿದ್ಯೆ ಭಾರತಕ್ಕೂ ಗುರುಗಳ ಮೂಲಕವೇ ಬಂತು. ರವೀಂದ್ರನಾಥ ಠಾಕೂರರು 1905ರಲ್ಲಿ ಸಾನೊ ಜಿನ್ನೊಸುಕೆ ಎಂಬವರನ್ನೂ, 1929ರಲ್ಲಿ ತಾಕಾಗಾಕಿ ಶಿಂಜೊ ಅವರನ್ನೂ ಶಾಂತಿನಿಕೇತನಕ್ಕೆ ಕರೆಸಿಕೊಂಡಿದ್ದರು. 1964ರ ಟೋಕಿಯೊ ಕ್ರೀಡಾಕೂಟದಲ್ಲಿ ಜೂಡೋ ಒಲಿಂಪಿಕ್ ಸ್ಪರ್ಧೆಯಾಯಿತು.

ಭಾರತದ ಕಡೆಯಿಂದ, ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡವೊಂದು 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಲ್ಲಿಗೆ ಹೋಗಿ ದೇಶಿ ವ್ಯಾಯಾಮಗಳನ್ನು ಪ್ರದರ್ಶಿಸಿತು. ಮುಂಬಯಿಯ ಉದಯ ದೇಶಪಾಂಡೆ ದಶಕಗಳ ಕಾಲ ಹಲವು ದೇಶಗಳವರಿಗೆ ಮಲ್ಲಗಂಬ ಕಲಿಸಿದ್ದಾರೆ. 2019ರಲ್ಲಿ ಮೊದಲ ವಿಶ್ವ ಮಲ್ಲಗಂಬ ಚಾಂಪಿಯನ್‌ಷಿಪ್ ಮುಂಬಯಿಯಲ್ಲಿ ನಡೆಯಿತು. 2024ರಲ್ಲಿ ದೇಶಪಾಂಡೆ ಅವರಿಗೆ ಪದ್ಮಶ್ರೀ ಸಂದಿತು. ಕಳರಿಪಯಟ್ಟು ಇನ್ನೊಂದು ದಾರಿಯಲ್ಲಿ ಹೋಯಿತು. ಅಮೆರಿಕದ ರಂಗಕರ್ಮಿ ಫಿಲಿಪ್ ಝರಿಲ್ಲಿ 1970ರ ದಶಕದಲ್ಲಿ ತಿರುವನಂತಪುರದ ಸಿ.ವಿ.ಎನ್. ಕಳರಿಯಲ್ಲಿ ಕಲಿತು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನಟರಿಗೆ ಕಲಿಸಿ, 1998ರಲ್ಲಿ ಅದರ ಕುರಿತು ವಿಸ್ತಾರವಾದ ಗ್ರಂಥ ಪ್ರಕಟಿಸಿದರು. ಕೇರಳದ ಗುರುಗಳಿಗೆ ಆಹ್ವಾನ ಬರಲು ಇಂತಹ ಬರಹಗಳ ಕೊಡುಗೆಯೂ ಇದೆ.

ಶಿಬಿರದ ಪಾಠ ಬೇರೆ, ಗರಡಿಯ ಪಾಠ ಬೇರೆ

ಗರಡಿಯಲ್ಲಿ ಹುಡುಗ ಹತ್ತು-ಹನ್ನೆರಡರ ವಯಸ್ಸಿಗೆ ಬರುತ್ತಾನೆ. ಮಣ್ಣು ಅಗೆದು ಹದ ಮಾಡುವುದು, ಹಿರಿಯರ ಮೈಗೆ ಮಾಲೀಷು ಮಾಡುವುದು ಅವನ ಮೊದಲ ಪಾಠ. ದಂಡ, ಬಸ್ಕಿಗಳ ಲೆಕ್ಕ ದಿನದಿಂದ ದಿನಕ್ಕೆ ಏರುತ್ತದೆ. ಪಟ್ಟುಗಳನ್ನು ಉಸ್ತಾದರು ವಿವರಿಸಿ ಹೇಳುವುದಕ್ಕಿಂತ ಹುಡುಗ ನೋಡಿ ಕಲಿಯುವುದೇ ಹೆಚ್ಚು. ಶುಲ್ಕವೆಂಬುದಿಲ್ಲ, ವಿಧೇಯತೆಯೇ ಗುರುಕಾಣಿಕೆ.

ವಿದೇಶದ ಶಿಬಿರದ ಸ್ವರೂಪ ಇದಕ್ಕೆ ತದ್ವಿರುದ್ಧ. ಅದು ವಾರಾಂತ್ಯದ ಎರಡು ದಿನ ಅಥವಾ ಹೆಚ್ಚೆಂದರೆ ಒಂದೆರಡು ವಾರ. ಬರುವವರು ವಯಸ್ಕರು; ಕೆಲವರು ಬೇರೆ ಸಮರಕಲೆಗಳಲ್ಲಿ ಪಳಗಿದವರು, ಕೆಲವರು ನೃತ್ಯ ಅಥವಾ ರಂಗಭೂಮಿಯವರು. ಎಲ್ಲರೂ ಹಣ ತೆತ್ತು ಬಂದಿರುತ್ತಾರೆ, 'ಹೀಗೇಕೆ' ಎಂದು ಕೇಳುತ್ತಾರೆ. ಉತ್ತರ ಕೊಡದ ಗುರು ಅಲ್ಲಿ ನಿಲ್ಲಲಾರ. ವಿದ್ಯಾರ್ಥಿಗಳಲ್ಲಿ ಮಹಿಳೆಯರೂ ಇರುತ್ತಾರೆ. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಗರಡಿಯಲ್ಲಿ ಬೆಳೆದ ಉಸ್ತಾದರಿಗೆ ಇದು ಹೊಸ ಅನುಭವವಾದೀತು. ಆದರೆ ಕೊಪ್ಪಳದ ನೆರೆಯ ಗದಗದಿಂದ, ಉತ್ತರ ಕನ್ನಡದ ಹಳಿಯಾಳದಿಂದ ರಾಷ್ಟ್ರಮಟ್ಟದ ಮಹಿಳಾ ಕುಸ್ತಿಪಟುಗಳು ಬಂದಿರುವಾಗ ಈ ಅಡ್ಡಿ ಶಾಶ್ವತವೇನಲ್ಲ. ಮೈ ಮುಟ್ಟಿ ತಿದ್ದುವ ಮೊದಲು ಒಪ್ಪಿಗೆ ಕೇಳುವುದು, ಪೆಟ್ಟಾದರೆ ಹೊಣೆ ಯಾರದೆಂಬ ವಿಮೆಯ ಪತ್ರ ಮುಂತಾದ ಕ್ರಮಗಳೂ ಅಲ್ಲಿ ಕಡ್ಡಾಯವೆಂಬಂತೆ ಇರುತ್ತವೆ.

ಹೀಗಾಗಿ ಹತ್ತು ವರ್ಷದ ವಿದ್ಯೆಯಿಂದ ಎರಡು ದಿನದ ಪಾಠವನ್ನು ಬಿಡಿಸಿ ತೆಗೆಯಬೇಕಾಗುತ್ತದೆ. ಯಾವ ದಂಡದಿಂದ ಆರಂಭ, ಮುದ್ಗರದ ತೂಕ ಎಷ್ಟು, ಬೀಳುವುದನ್ನು ಕಲಿಸುವ ಕ್ರಮ ಹೇಗೆ, ಹೊಸಬರಿಗೆ ಹೇಳಲೇಬಾರದ ಪಟ್ಟು ಯಾವುದು ಎಂಬುದನ್ನು ಮೊದಲೇ ನಿಗದಿ ಮಾಡಬೇಕು. ಇದು ವಿದ್ಯೆಯನ್ನು ತೆಳುವಾಗಿಸುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಈ ಆಯ್ಕೆಯನ್ನು ಉಸ್ತಾದರೇ ಮಾಡದಿದ್ದರೆ, ಮುದ್ಗರದ ವಿಷಯದಲ್ಲಿ ಆದಂತೆ, ಬೇರೆ ಯಾರೋ ಮಾಡುತ್ತಾರೆ.

ಕಡತ, ಕತ್ತಿ ಮತ್ತು ಮಣ್ಣು

ಪಾಠ ಸಿದ್ಧವಾದರೂ ದಾರಿ ಸುಗಮವಲ್ಲ. ಪ್ರವಾಸಿ ವೀಸಾ ಪಡೆದು ಹೋಗಿ ಸಂಭಾವನೆ ಪಡೆದು ಕಲಿಸುವುದು ಹೆಚ್ಚಿನ ದೇಶಗಳಲ್ಲಿ ನಿಯಮಬಾಹಿರ. ಅಮೆರಿಕದಲ್ಲಿ 'ಸಾಂಸ್ಕೃತಿಕವಾಗಿ ವಿಶಿಷ್ಟ'ವಾದ ಕಲೆಯನ್ನು ಪ್ರದರ್ಶಿಸಲು ಅಥವಾ ಕಲಿಸಲು ಬರುವ ಕಲಾವಿದರಿಗೆ 'ಪಿ-3' ಎಂಬ ವರ್ಗವಿದೆ. ಆಹ್ವಾನಿಸುವ ಸಂಸ್ಥೆಯೇ ಅಲ್ಲಿಯ ವಲಸೆ ಇಲಾಖೆಗೆ ಮೊದಲು ಅರ್ಜಿ ಸಲ್ಲಿಸಬೇಕು. ಕಲೆಯ ಅಸಲಿತನವನ್ನೂ ಕಲಾವಿದನ ಪರಿಣತಿಯನ್ನೂ ದೃಢಪಡಿಸುವ ತಜ್ಞರ ಪತ್ರಗಳು ಅಥವಾ ಪತ್ರಿಕಾ ವಿಮರ್ಶೆಯಂತಹ ಮುದ್ರಿತ ದಾಖಲೆಗಳು ಬೇಕು. ಯೂರೋಪಿನ ಷೆಂಗೆನ್ ರಾಷ್ಟ್ರಗಳಲ್ಲಿ ಅಲ್ಪಾವಧಿಯ ವೀಸಾ 180 ದಿನಗಳಲ್ಲಿ 90 ದಿನಗಳ ವಾಸಕ್ಕೆ ಅವಕಾಶ ಕೊಡುತ್ತದೆ. ಸಂಬಳದ ಕೆಲಸಕ್ಕೆ ಅನುಮತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ ಭಾರತ ಸರ್ಕಾರದ ವಲಸೆ ಅನುಮತಿಯೂ ಅಗತ್ಯ.

ಮುಖ್ಯ ತೊಡಕು ಇಲ್ಲೇ ಇದೆ. ಸುತ್ತಲಿನ ಜಾತ್ರೆಗಳಲ್ಲೆಲ್ಲ ಹೆಸರಾದ ಉಸ್ತಾದರೊಬ್ಬರ ಬಗ್ಗೆ ಒಂದು ಲೇಖನವೂ, ಒಂದು ಪ್ರಮಾಣಪತ್ರವೂ ಇಲ್ಲದಿದ್ದರೆ ವಿದೇಶದ ಅಧಿಕಾರಿಯ ಮುಂದೆ ಅವರ ನಲವತ್ತು ವರ್ಷದ ಸಾಧನೆ ಖಾಲಿ ಕಡತವಾಗುತ್ತದೆ. ಬೆಳ್ಳಿಯ ಕಡಗ ದಾಖಲೆಯಾಗುವುದಿಲ್ಲ.

ಸಾಮಾನು ಸಾಗಣೆಯಲ್ಲೂ ಎಚ್ಚರ ಬೇಕು. ಕತ್ತಿ, ಕೋಲು, ಗದೆಗಳನ್ನು ವಿಮಾನದೊಳಗೆ ಒಯ್ಯುವಂತಿಲ್ಲ. ಇಂಗ್ಲೆಂಡಿನಲ್ಲಿ 50 ಸೆಂಟಿಮೀಟರ್‌ಗಿಂತ ಉದ್ದದ ಬಾಗಿದ ಕತ್ತಿಗಳ ಮೇಲೆ 2008ರಿಂದ ನಿರ್ಬಂಧವಿದೆ. ಸಾಂಪ್ರದಾಯಿಕ ವಿಧಾನದಲ್ಲಿ ತಯಾರಿಸಿದವುಗಳಿಗೆ ವಿನಾಯಿತಿ ಉಂಟು. ಇನ್ನು ಗರಡಿಯ ಪ್ರಾಣವಾದ ಮಣ್ಣು. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಗೊಳಿಸಿದ ಆ ಕೆಮ್ಮಣ್ಣನ್ನು ಒಯ್ಯುವುದು ಅಸಾಧ್ಯಕ್ಕೆ ಸಮೀಪ. ಸಸ್ಯರೋಗ ಮತ್ತು ಕೀಟಗಳ ಭಯದಿಂದ ಅಮೆರಿಕ, ಆಸ್ಟ್ರೇಲಿಯಾ ಮುಂತಾದ ದೇಶಗಳು ಹೊರಗಿನ ಮಣ್ಣನ್ನು ಪರವಾನಗಿಯಿಲ್ಲದೆ ಒಳಬಿಡುವುದಿಲ್ಲ. ಉಸ್ತಾದರು ಚಾಪೆಯ ಮೇಲೆಯೇ ಕಲಿಸಬೇಕು. ಮಣ್ಣಿನಲ್ಲಿ ಹೆಜ್ಜೆ ಹೂತು ನಿಲ್ಲುವ ಪೈಲ್ವಾನನ ನಿಲುವು ಚಾಪೆಯ ಮೇಲೆ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಅರಿತು ಹೇಳುವುದೂ ಪಾಠದ ಭಾಗವೇ ಆಗಬೇಕು.

ಊರಿನಲ್ಲೇ ಆಗಬೇಕಾದ ಕೆಲಸ

ಕೊಪ್ಪಳ ಜಿಲ್ಲೆಯ ಕಲೆ ಹೊರದೇಶ ಕಂಡಿಲ್ಲವೆಂದು ಹೇಳುವಂತಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ತೊಗಲುಗೊಂಬೆಯಾಟವನ್ನು ಹಲವು ದೇಶಗಳಿಗೆ ಒಯ್ದರು; 2025ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ತೊಗಲುಗೊಂಬೆಗೆ ಜಾನಪದ ವಿದ್ವಾಂಸರ ಅಧ್ಯಯನದ ಬೆಂಬಲವಿತ್ತು, ಅಕಾಡೆಮಿಗಳ ಮಾನ್ಯತೆಯಿತ್ತು. ಗರಡಿಗೆ ಆ ಭಾಗ್ಯ ಅಷ್ಟಾಗಿ ಸಿಕ್ಕಿಲ್ಲ. ಕ್ರೀಡಾ ಇಲಾಖೆಯ ದೃಷ್ಟಿಯಲ್ಲಿ ಅದು ಹಳೆಯ ಆಟ, ಸಂಸ್ಕೃತಿ ಇಲಾಖೆಯ ದೃಷ್ಟಿಯಲ್ಲಿ ಅದು ಕ್ರೀಡೆ. ಎರಡರ ನಡುವೆ ಅದು ಯಾರಿಗೂ ಸೇರದೆ ಉಳಿಯುವ ಅಪಾಯವಿದೆ. ಕಳರಿಪಯಟ್ಟು, ಮಲ್ಲಗಂಬ, ಗತ್ಕಾ, ಥಾಂಗ್-ತಾಗಳು ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಸ್ಥಾನ ಪಡೆದಿವೆ. ಕರ್ನಾಟಕದ ಗರಡಿಯ ವರಸೆಗಳು ಆ ಪಟ್ಟಿಯಲ್ಲಿಲ್ಲ.

ಸಾಧ್ಯತೆಗಳು ದೂರವೇನಿಲ್ಲ. ಆನೆಗೊಂದಿಯಿಂದ ತುಂಗಭದ್ರೆ ದಾಟಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಹಿರಿಯ ಉಸ್ತಾದರ ಪಟ್ಟು, ವರಸೆ, ಮಣ್ಣಿನ ಹದ, ಮಾಲೀಷಿನ ಕ್ರಮಗಳನ್ನು ಚಿತ್ರೀಕರಿಸಿ, ಅವರವರ ಹೆಸರಿನಲ್ಲೇ ದಾಖಲಿಸುವ ಕೆಲಸವನ್ನು ಈ ಸಂಸ್ಥೆಗಳು ಕೈಗೊಳ್ಳಬಹುದು. ಆ ದಾಖಲೆಯೇ ಮುಂದೆ ವೀಸಾ ಅರ್ಜಿಗೆ ಆಧಾರವಾಗುತ್ತದೆ, ಶಿಬಿರದ ಪಾಠಕ್ಕೆ ಪಠ್ಯವಾಗುತ್ತದೆ. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು 1950ರಿಂದ ಕಲಾವಿದರನ್ನು ಹೊರದೇಶಗಳಿಗೆ ಕಳುಹಿಸುತ್ತಿದೆ. ಅದರ ಬಾಗಿಲು ತಟ್ಟಲೂ ಇಂತಹ ದಾಖಲೆ ಬೇಕು.

ವಿದೇಶ ಪ್ರಯಾಣವೇ ಗುರಿಯಲ್ಲ ಎಂಬ ಮಾತನ್ನೂ ಮರೆಯಬಾರದು. ಊರಿನ ಗರಡಿಯಲ್ಲಿ ಹುಡುಗರೇ ಇಲ್ಲವಾದರೆ ಹೊರಗೆ ಕಲಿಸುವ ಉಸ್ತಾದರು ಮುಂದಿನ ತಲೆಮಾರಿಗೆ ಹುಟ್ಟುವುದಿಲ್ಲ. ಆದರೆ ಹೊರಗಿನ ಒಂದು ಆಹ್ವಾನ ಊರಿನವರ ಕಣ್ಣನ್ನೂ ತೆರೆಸಬಲ್ಲದು. ಯೋಗದ ವಿಷಯದಲ್ಲಿ ಆದದ್ದು ಅದೇ. ಐನೂರು ವರ್ಷಗಳ ಹಿಂದೆ ತುಂಗಭದ್ರೆಯ ದಡದಲ್ಲಿ ಕುಸ್ತಿ ಕಂಡ ಪರದೇಶಿಗಳು ಅದನ್ನು ತಮ್ಮ ಭಾಷೆಯಲ್ಲಿ ಬರೆದುಕೊಂಡು ಹೋದರು. ಇನ್ನು ಬರೆಯುವ, ಕಲಿಸುವ ಸರದಿ ಇಲ್ಲಿಯವರದು. ಹಿರಿಯ ಉಸ್ತಾದರು ಕಣದಲ್ಲಿ ನಿಂತು ತೋರಿಸುವಷ್ಟು ಗಟ್ಟಿಯಾಗಿರುವಾಗಲೇ ಆ ಕೆಲಸ ಆರಂಭವಾಗಬೇಕಿದೆ.